ಬಿದನೂರಿನ ಕೊನೆಯ ರಾಣಿ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿ ನಮ್ಮ ಜಿಲ್ಲೆಯವರಿಗೆಲ್ಲ ಪರಿಚಿತವಾದದ್ದೇ. ಪಟ್ಟಣವನ್ನು ಬಿಟ್ಟು ಸ್ವಲ್ಪ ದೂರ ಸಾಗುವಷ್ಟರಲ್ಲಿ ತ್ಯಾವರೆಕೊಪ್ಪ ಬರುತ್ತದೆ. ಆ ಹೆಸರು ಕಿವಿಗೆ ಬಿದ್ದೊಡನೆ ಇಂದಿನ ಮಕ್ಕಳಿಗೆ ನೆನಪಾಗುವುದು ಅಲ್ಲಿನ ಹುಲಿ ಸಿಂಹಗಳ ಧಾಮ. ಅಲ್ಲಿಂದ ಮುಂದೆ ಆಯನೂರು, ಕುಂಸಿ, ಆನಂದಪುರ. ವಾಚಕರಲ್ಲಿ ಎಷ್ಟೋ ಮಂದಿ ಈ ಊರುಗಳನ್ನು ನೂರು ಸಲ ಹಾದುಹೋಗಿರಬಹುದು. ಕನ್ನಡನಾಡಿನ ಒಂದು ದೊಡ್ಡ ಅರಸುಮನೆತನದ ಕೊನೆಯ ಅಧ್ಯಾಯವು ಈ ದಿಕ್ಕಿನಲ್ಲಿಯೇ ನಡೆದುಹೋಯಿತೆಂಬುದು ಎಷ್ಟು ಮಂದಿಗೆ ನೆನಪಾಗುತ್ತದೆ? 1763ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ಹೈದರಾಲಿಯ ದಂಡು ಶಿವಮೊಗ್ಗದಿಂದ ಕುಂಸಿಗೂ, ಕುಂಸಿಯಿಂದ ಅಂದು ಅನಂತಪುರವೆನಿಸಿದ್ದ ಆನಂದಪುರಕ್ಕೂ ಮುಂದುವರಿದು, ಕಡೆಗೆ ಬಿದನೂರಿನ ಹೆಬ್ಬಾಗಿಲನ್ನು ಮುಟ್ಟಿತು. ಆ ದಂಡಿನ ಗುರಿ ರಾಣಿ ವೀರಮ್ಮಾಜಿ, ಕೆಳದಿಯ ಸಿಂಹಾಸನದ ಮೇಲೆ ಕುಳಿತ ಕೊನೆಯವಳು.

ಶಿವಪ್ಪನಾಯಕನ ಹೆಸರು ನಮ್ಮಲ್ಲಿ ಶಾಲೆಯ ಹುಡುಗನಿಗೂ ಗೊತ್ತು. ಚೆನ್ನಮ್ಮಾಜಿಯ ಕಥೆಯನ್ನು ಅಭಿಮಾನದಿಂದ ಹೇಳುತ್ತೇವೆ. ವೀರಮ್ಮಾಜಿಯ ಮಾತು ಬಂದಾಗ ಮಾತ್ರ ನಾಲಗೆ ಹಿಂದೆಗೆಯುತ್ತದೆ, ಅಥವಾ ಒಂದು ವಾಕ್ಯದಲ್ಲಿ ತೀರ್ಪು ಕೊಟ್ಟುಬಿಡುತ್ತದೆ: ‘ಆಕೆಯ ಕಾಲದಲ್ಲಿ ರಾಜ್ಯ ಹಾಳಾಯಿತು.’ ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ವಂಶಾವಳಿಯ ಕೊನೆಯಲ್ಲಿ ಯಾರ ಹೆಸರಿರುತ್ತದೆಯೋ ಅವರ ತಲೆಯ ಮೇಲೆ ಹಿಂದಿನವರ ಪಾಪವೂ ಬಂದು ಕೂರುತ್ತದೆ. ಈ ರಾಣಿಯ ಪಾಲಿಗೆ ಬಂದ ಹೊರೆಯಲ್ಲಿ ಆಕೆಯದೆಷ್ಟು, ಪರರದೆಷ್ಟು ಎಂಬುದನ್ನು ಸ್ವಲ್ಪ ತೂಗಿ ನೋಡೋಣ.

ಮೊದಲು ಮನೆತನದ ಮಾತು. ಕ್ರಿ. ಶ. 1500ರ ಸುಮಾರಿಗೆ ಕೆಳದಿಯ ಚೌಡಪ್ಪನಿಂದ ಮೊದಲಾದ ಈ ವಂಶ ವಿಜಯನಗರದ ಆಶ್ರಯದಲ್ಲಿ ಬೆಳೆಯಿತು. ಆ ಸಾಮ್ರಾಜ್ಯ ಕುಗ್ಗಿದ ಮೇಲೆ ಸ್ವತಂತ್ರವಾಗಿ ನಿಂತಿತು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ ಬಂತು. ಬಿಜಾಪುರದ ಸೇನೆ ಇಕ್ಕೇರಿಯನ್ನು ಹೊಡೆದ ಮೇಲೆ ಘಟ್ಟದ ನೆತ್ತಿಯಲ್ಲಿ, ಕಾಡು ಬೆಟ್ಟಗಳ ನಡುವಿನ ಬಿದನೂರಿಗೆ ಬಂತು. ಬಿದಿರು ಹೆಚ್ಚಾಗಿದ್ದ ಆ ಊರನ್ನು ಸಂಸ್ಕೃತ ಬಲ್ಲವರು ವೇಣುಪುರವೆಂದರು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಕಾಲದಲ್ಲಿ ಕರಾವಳಿಯ ರೇವುಗಳು ಈ ಮನೆತನದ ಕೈಗೆ ಸೇರಿದವು. ಕೆಳಗಿನ ಸೀಮೆಯ ಅಕ್ಕಿ, ಘಟ್ಟದ ಮೆಣಸು, ಮೇಲಿನ ಸೀಮೆಯ ಅಡಕೆ ಇವು ಮೂರೂ ಬಿದನೂರಿಗೆ ಹಣ ತಂದವು. ಭೂಮಿಯ ಗುಣ ನೋಡಿ ಕಂದಾಯ ಕಟ್ಟಿದ ‘ಶಿವಪ್ಪನಾಯಕನ ಶಿಸ್ತು’ ಆ ಹಣಕ್ಕೊಂದು ಲೆಕ್ಕಾಚಾರವನ್ನು ಕೊಟ್ಟಿತು. ಸಾಲದುದಕ್ಕೆ ವಿದ್ಯೆಯೂ ಇತ್ತು. ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ ಬಸವಪ್ಪನಾಯಕನು ಈ ವಂಶದ ಅರಸನೇ.

ಹೆಂಗಸು ಆಳಿದ್ದರಿಂದ ರಾಜ್ಯ ಕೆಟ್ಟಿತು ಎನ್ನುವವರು ಹಿಂದೆಯೂ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಅಂಥವರಿಗೆ ಇದೇ ಮನೆತನದಲ್ಲಿ ಉತ್ತರವಿದೆ. 1671ರ ಸುಮಾರಿಗೆ, ಗಂಡನಾದ ಸೋಮಶೇಖರನಾಯಕನು ಕೊಲೆಗೀಡಾಗಿ, ಬಿಜಾಪುರದ ದಂಡು ಬಾಗಿಲಿಗೆ ಬಂದಿದ್ದ ಹೊತ್ತಿನಲ್ಲಿ ಚೆನ್ನಮ್ಮಾಜಿ ಅಧಿಕಾರವನ್ನು ಕೈಗೆತ್ತಿಕೊಂಡಳು. ಆಕೆಯೂ ಬಿದನೂರನ್ನು ಬಿಟ್ಟು ಭುವನಗಿರಿದುರ್ಗವನ್ನು ಸೇರಬೇಕಾಯಿತು. ಆದರೆ ನಂಬಿದವರು ಜೊತೆಗಿದ್ದರು, ಕಾಡು ಶತ್ರುವನ್ನು ತಡೆಯಿತು, ರಾಜಧಾನಿ ಮರಳಿ ದಕ್ಕಿತು. ಮುಂದೆ ಇಪ್ಪತ್ತೈದು ವರ್ಷ ಆಳಿ, ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯ ಕೊಟ್ಟು, ದತ್ತುಮಗನಿಗೆ ರಾಜ್ಯವನ್ನು ಒಪ್ಪಿಸಿ ಹೋದಳು. ಆ ದತ್ತುಮಗನೇ ಮೇಲೆ ಹೇಳಿದ ಬಸವಪ್ಪನಾಯಕ. ವಿಧವೆಯಾದ ರಾಣಿ, ದತ್ತುಮಗ, ಬಾಗಿಲಲ್ಲಿ ಶತ್ರು, ಬೆಟ್ಟದ ಕೋಟೆಗೆ ಪ್ರಯಾಣ ಇವೆಲ್ಲವೂ ವೀರಮ್ಮಾಜಿಯ ಕಥೆಯಲ್ಲಿಯೂ ಇವೆ. ಒಬ್ಬಳ ಕಥೆ ಗೆಲುವಿನಲ್ಲಿ ಮುಗಿಯಿತು, ಆಕೆ ಬೆಟ್ಟಕ್ಕೆ ಹೋದದ್ದು ಜಾಣ್ಮೆಯೆನಿಸಿತು. ಇನ್ನೊಬ್ಬಳದು ಸೋಲಿನಲ್ಲಿ ಮುಗಿಯಿತು, ಆಕೆ ಹೋದದ್ದು ಪಲಾಯನವೆನಿಸಿತು.

ಹಾಗಾದರೆ ನೂರು ವರ್ಷಗಳೊಳಗೆ ಬದಲಾದದ್ದೇನು? 1739ರಿಂದ 1754ರವರೆಗೆ ಆಳಿದ ಎರಡನೆಯ ಬಸವಪ್ಪನಾಯಕನಿಗೆ ಮಕ್ಕಳಿರಲಿಲ್ಲ. ಅವನ ಬಳಿಕ ದತ್ತುಮಗನಾದ ಚೆನ್ನಬಸಪ್ಪನಾಯಕನು ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ. 1757ರಲ್ಲಿ ಅವನೂ ಇಲ್ಲವಾದ. ವೀರಮ್ಮಾಜಿ ಸೋಮಶೇಖರನೆಂಬ ಇನ್ನೊಬ್ಬ ಬಾಲಕನನ್ನು ದತ್ತು ತೆಗೆದುಕೊಂಡು ತಾನೇ ಆಡಳಿತ ನಡೆಸಿದಳು. ಒಂದರ ಹಿಂದೊಂದು ದತ್ತು ಬಂದ ಮನೆಯಲ್ಲಿ ದಾಯಾದಿಗಳಿಗೂ ದಿವಾನರಿಗೂ ಪಕ್ಷ ಕಟ್ಟುವುದಕ್ಕೆ ಅವಕಾಶ ಹೆಚ್ಚು. ನಮ್ಮ ಹಳ್ಳಿಯ ಜಮೀನಿನ ವ್ಯಾಜ್ಯಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನ ಕಾರಣವೂ ಇತ್ತು, ಅದೇ ದೊಡ್ಡದು. ಅಂದು ದಕ್ಷಿಣದಲ್ಲಿ ತಕ್ಕಡಿಯನ್ನು ಸಮವಾಗಿಟ್ಟವರು ಮರಾಠರು. ಅವರ ಹಾವಳಿಯಿಂದ ಸಣ್ಣ ಸಂಸ್ಥಾನಗಳು ನೊಂದದ್ದು ನಿಜ. ಆದರೆ ಒಬ್ಬನೇ ಪ್ರಬಲನಾಗಿ ಎಲ್ಲರನ್ನೂ ನುಂಗದಂತೆ ತಡೆದದ್ದೂ ಅವರ ಭಯವೇ. 1761ರ ಜನವರಿ 14ರಂದು, ಇಲ್ಲಿಗೆ ಸುಮಾರು ಸಾವಿರ ಮೈಲಿ ದೂರದ ಪಾಣಿಪತ್ತಿನಲ್ಲಿ ಮರಾಠರ ಸೇನೆ ಅಹಮದ್ ಷಾ ಅಬ್ದಾಲಿಯ ಎದುರು ನಾಶವಾಯಿತು. ಅದೇ ವರ್ಷ ಮೈಸೂರಿನಲ್ಲಿ ಹೈದರಾಲಿ ತನ್ನ ಪ್ರತಿಸ್ಪರ್ಧಿಯಾದ ಖಂಡೇರಾಯನನ್ನು ಮುರಿದು ಸರ್ವಾಧಿಕಾರಿಯಾದ. ನಿಜಾಮನ ತಮ್ಮನಾದ ಬಸಾಲತ್ ಜಂಗನ ಜೊತೆ ಸೇರಿ ಸಿರಾವನ್ನು ಹಿಡಿದು, ಅದರ ನವಾಬನೆಂಬ ಬಿರುದನ್ನೂ ಪಡೆದ. ಬಳಿಕ ಚಿಕ್ಕಬಳ್ಳಾಪುರ, ಅನಂತರ ಚಿತ್ರದುರ್ಗದ ದಿಕ್ಕು. ಪಾಣಿಪತ್ತಿನ ಬಯಲಿನಲ್ಲಿ ಬಿದ್ದ ಪೆಟ್ಟು ಎರಡೇ ವರ್ಷದಲ್ಲಿ ಮಲೆನಾಡಿಗೆ ತಟ್ಟಿತು. ಬಿದನೂರಿನ ಭಂಡಾರ ತುಂಬಿತ್ತು. ತುಂಬಿದ ಭಂಡಾರಕ್ಕೆ ಕಾವಲಾಗುವಷ್ಟು ಒಗ್ಗಟ್ಟು ಒಳಗಿರಲಿಲ್ಲ, ತಡೆಯುವ ಮೂರನೆಯವರು ಹೊರಗಿರಲಿಲ್ಲ.

ಇನ್ನು ರಾಣಿಯ ಮೇಲಿನ ಆಪಾದನೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆಕೆ ಸೇವಕನೊಬ್ಬನೊಡನೆ ಅನುಚಿತ ಸಂಬಂಧ ಇಟ್ಟುಕೊಂಡಿದ್ದಳೆಂದೂ, ಅದನ್ನು ಆಕ್ಷೇಪಿಸಿದ ಎಳೆಯ ಅರಸ ಚೆನ್ನಬಸಪ್ಪನನ್ನು ಬಚ್ಚಲುಮನೆಯಲ್ಲಿ ಜಟ್ಟಿಯೊಬ್ಬನಿಂದ ಕೊಲ್ಲಿಸಿದಳೆಂದೂ ಕಥೆ. ಇದು ಇಂಗ್ಲಿಷ್ ಚರಿತ್ರೆಗಳಿಗೆ ಸೇರಿದ್ದು ಮುಖ್ಯವಾಗಿ ಕರ್ನಲ್ ಮಾರ್ಕ್ ವಿಲ್ಕ್ಸನ ಮೂಲಕ. ಆತ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು. ಅವನ ಚರಿತ್ರೆಯ ಸಂಪುಟಗಳು ಹೊರಬಂದದ್ದು 1810ರಿಂದ 1817ರೊಳಗೆ, ಅಂದರೆ ಬಿದನೂರು ಬಿದ್ದು ಸುಮಾರು ಐವತ್ತು ವರ್ಷಗಳಾದ ಮೇಲೆ. ಮುಂದಿನ ಗೆಜೆಟಿಯರುಗಳು ಅವನ ಮಾತನ್ನೇ ಅನುಸರಿಸಿದವು. ಅವುಗಳಿಂದ ಅದು ಶಾಲೆಗೂ ಮನೆಗೂ ಬಂತು.

ಈ ಕಥೆಯ ಮುಂದಿನ ಭಾಗವನ್ನು ವಾಚಕರು ಗಮನವಿಟ್ಟು ನೋಡಬೇಕು. ಹೈದರನು ಚಿತ್ರದುರ್ಗದ ಕಡೆ ಇದ್ದಾಗ ಅಲ್ಲಿನ ಪಾಳೆಯಗಾರನು ಒಬ್ಬ ಯುವಕನನ್ನು ಅವನ ಮುಂದೆ ತಂದು ನಿಲ್ಲಿಸಿದ. ತಾನೇ ಚೆನ್ನಬಸಪ್ಪನಾಯಕ; ಕೊಲ್ಲಬೇಕಾಗಿದ್ದ ಜಟ್ಟಿ ಕನಿಕರಪಟ್ಟು ತನ್ನನ್ನು ಮನೆಯಲ್ಲಿ ಅಡಗಿಸಿ ಉಳಿಸಿದ; ತನ್ನ ರಾಜ್ಯವನ್ನು ತನಗೆ ಕೊಡಿಸಬೇಕು ಎಂಬುದು ಆ ಯುವಕನ ಬೇಡಿಕೆ. ಹೈದರನು ಒಪ್ಪಿ, ‘ನ್ಯಾಯವಾದ ಅರಸನಿಗೆ ಸಿಂಹಾಸನ ಕೊಡಿಸುವ’ ಹೆಸರಿನಲ್ಲಿ ದಂಡೆತ್ತಿ ಹೊರಟ. ಈಗ ಲೆಕ್ಕ ಹಾಕಿ. ಕೊಲೆ ನಡೆದದ್ದು ನಿಜವಾದರೆ ಬಂದವನು ವೇಷಧಾರಿ, ದಂಡಯಾತ್ರೆಗೆ ನ್ಯಾಯದ ಆಧಾರವಿಲ್ಲ. ಬಂದವನು ನಿಜವಾದ ಅರಸನಾದರೆ ಕೊಲೆ ನಡೆಯಲೇ ಇಲ್ಲ. ರಾಣಿಯನ್ನು ಪಾಪಿಯೆನ್ನುವುದಕ್ಕೆ ಹುಡುಗ ಸತ್ತಿರಬೇಕು, ರಾಜ್ಯವನ್ನು ತೆಗೆದುಕೊಳ್ಳುವುದಕ್ಕೆ ಅವನು ಬದುಕಿರಬೇಕು! ಕೊಲ್ಲಿಸುವ ಪ್ರಯತ್ನವಾದರೂ ನಡೆದಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ನಡೆದಿರಬಹುದು, ಅರಮನೆಗಳಲ್ಲಿ ಅಂಥದು ಹೊಸದೇನಲ್ಲ. ನಾನು ಆಕೆಯನ್ನು ನಿರ್ದೋಷಿಯೆಂದು ಸಾರಲು ಹೊರಟಿಲ್ಲ. ಆಪಾದನೆಯಿಂದ ಯಾರಿಗೆ ಲಾಭವಾಯಿತೋ ಅವರ ಪಾಳೆಯದ ಕಡೆಯಿಂದಲೇ ಅದು ನಮಗೆ ಬಂದಿದೆ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ತೂಗಬೇಕು ಎನ್ನುತ್ತೇನೆ.

ಶಿವಮೊಗ್ಗವನ್ನು ಹಿಡಿದ ಹೈದರನು ಮುಂದೆ ಸಾಗಿದಂತೆ ರಾಣಿಯ ದೂತರು ಹಣದ ಮಾತು ಹಿಡಿದು ಎದುರಿಗೆ ಬಂದರು. ದಂಡು ಹಿಂದಿರುಗಿದರೆ ಇಷ್ಟು ವರಹ ಕೊಡುತ್ತೇವೆ ಎಂದರು. ಅವನು ಸಮೀಪಿಸಿದಷ್ಟೂ ಮೊತ್ತ ಏರಿತು. ಕೊನೆಗೆ 18 ಲಕ್ಷ ವರಹಕ್ಕೆ ಮುಟ್ಟಿತೆಂದು ವಿಲ್ಕ್ಸ್ ಬರೆಯುತ್ತಾನೆ. ಅಷ್ಟು ಕೊಡಬಲ್ಲವರ ಬಳಿ ಇನ್ನೆಷ್ಟಿರಬೇಡ ಎಂದು ದಂಡಿನ ಒಡೆಯನಿಗೆ ಅನಿಸಿದ್ದು ಸಹಜ. ರಾಣಿಯ ನಿಜವಾದ ತಪ್ಪೊಂದನ್ನು ತೋರಿಸೆಂದರೆ ಇದನ್ನು ತೋರಿಸಬಹುದೇನೋ. ಸಾಲಗಾರ ಬಾಗಿಲಿಗೆ ಬಂದಾಗ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟಂತಾಯಿತು. ಆದರೆ ಮರಾಠರಿಗೆ ಹಣ ಕೊಟ್ಟು ದಂಡನ್ನು ತಿರುಗಿಸುವುದು ಅಂದಿನ ಸಂಸ್ಥಾನಗಳೆಲ್ಲದರ ರೂಢಿ. ಹಣವನ್ನಲ್ಲ, ನೆಲವನ್ನೇ ಬೇಡುವ ಹೊಸ ಬಗೆಯ ಶತ್ರು ಬಂದಿದ್ದಾನೆಂಬುದು ಆಕೆಗೆ ತಡವಾಗಿ ತಿಳಿಯಿತು.

ಕುಂಸಿಯಲ್ಲಿ ಹೈದರನಿಗೆ ಸಿಕ್ಕಿದ್ದು ಹಣಕ್ಕಿಂತ ಬೆಲೆಯುಳ್ಳದ್ದು. ಹಿಂದಿನ ಅರಸನ ಮಂತ್ರಿಯಾಗಿದ್ದ ಲಿಂಗಣ್ಣನೆಂಬವನು ಅಲ್ಲಿ ಸೆರೆಯಲ್ಲಿದ್ದ. ಬಿದನೂರಿಗೆ ಹೋಗುವ ಗುಪ್ತದಾರಿ ಅವನಿಗೆ ಗೊತ್ತಿತ್ತು. ಸುತ್ತಲೂ ಬೆಟ್ಟ, ದಟ್ಟ ಕಾಡು, ದಾರಿಗೆ ಅಡ್ಡವಾಗಿ ಒಂದರ ಹಿಂದೊಂದು ಕಟ್ಟಿದ ಬಾಗಿಲುಗಳು ಇವೇ ಆ ಊರಿನ ಬಲ. 1763ರ ಮಾರ್ಚ್ ತಿಂಗಳ ಮೊದಲಲ್ಲಿ, ಚಿತ್ರಭಾನು ಸಂವತ್ಸರ ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ, ಹೈದರನು ಮುಂಬಾಗಿಲಲ್ಲಿ ಗದ್ದಲದ ಆಕ್ರಮಣವನ್ನು ನಡೆಸುವಂತೆ ಹೇಳಿ, ತಾನು ಲಿಂಗಣ್ಣನು ತೋರಿಸಿದ ದಾರಿಯಿಂದ ಊರೊಳಗೆ ನುಗ್ಗಿದ. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬುದು ಇಲ್ಲಿ ಅಕ್ಷರಶಃ ನಿಜವಾಯಿತು.

ರಾಣಿ ಅರಮನೆಗೆ ಬೆಂಕಿ ಹಚ್ಚಲು ಅಪ್ಪಣೆ ಕೊಟ್ಟು, ದತ್ತುಮಗನೊಡನೆ ಬೆಟ್ಟದ ಕೋಟೆಗೆ ಹೊರಟುಹೋದಳು. ಅದು ಬಲ್ಲಾಳರಾಯನದುರ್ಗವೆಂದು ವಿಲ್ಕ್ಸ್ ಬರೆದಿದ್ದಾನೆ. ನಮ್ಮ ಕಡೆಯ ಜನ ಕವಲೇದುರ್ಗವೆನ್ನುತ್ತಾರೆ. ಊರಿನವರು ಕೈಗೆ ಸಿಕ್ಕಿದ್ದನ್ನೂ ಬಿಟ್ಟು ಕಾಡು ಸೇರಿದರು. ಹೈದರನು ಮೊದಲು ಮಾಡಿದ ಕೆಲಸ ಬೆಂಕಿ ಆರಿಸಿದ್ದು. ಎರಡನೆಯದು ಅರಮನೆಗೂ ಶ್ರೀಮಂತರ ಮನೆಗಳಿಗೂ ಮುದ್ರೆ ಹಾಕಿಸಿದ್ದು. ಕೊಳ್ಳೆಯ ಮೌಲ್ಯ ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡೆಂದು ವಿಲ್ಕ್ಸ್ ಹೇಳುವುದನ್ನು ಪೂರ್ತಿ ನಂಬುವುದು ಕಷ್ಟ. ಆದರೆ ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಬುನಾದಿಯೆಂದು ಹೈದರನು ಹೇಳುತ್ತಿದ್ದನೆಂಬ ಮಾತು ಸುಳ್ಳಿರಲಾರದು. ಊರಿಗೆ ಹೈದರನಗರವೆಂದು ಹೆಸರಾಯಿತು. ಅದರ ಕೊನೆಯ ಭಾಗ ಉಳಿದು, ಇಂದು ಹೊಸನಗರ ತಾಲ್ಲೂಕಿನ ‘ನಗರ’ವಾಗಿದೆ. ಮಂಗಳೂರಿನ ರೇವಿನೊಡನೆ ಮೈಸೂರಿಗೆ ಸಮುದ್ರದ ಬಾಗಿಲು ತೆರೆಯಿತು. ಮುಂದೆ ಇಂಗ್ಲಿಷರನ್ನು ನಡುಗಿಸಿದ ಮೈಸೂರಿನ ಶಕ್ತಿಗೆ ಮಲೆನಾಡಿನ ಅಡಕೆ ಮೆಣಸುಗಳ ಹಣ ಬೆನ್ನೆಲುಬಾಯಿತು.

ಸಿಂಹಾಸನ ಕೊಡಿಸುವೆನೆಂದು ಕರೆತಂದ ಆ ಯುವಕನ ಗತಿಯೇನಾಯಿತು? ರಾಣಿ ಸೆರೆಸಿಕ್ಕಿದಳು, ದತ್ತುಮಗ ಸೆರೆಸಿಕ್ಕಿದ. ಅವರೊಡನೆ ಆ ‘ನ್ಯಾಯವಾದ ಅರಸ’ನನ್ನೂ ಮಧುಗಿರಿಯ ಕೋಟೆಗೆ ಕಳಿಸಲಾಯಿತು! ಕೊಂದವಳೆನಿಸಿದವಳೂ ಕೊಲೆಯಾದವನೆನಿಸಿದವನೂ ಒಂದೇ ಕೋಟೆಯ ಸೆರೆಯಾಳುಗಳು. ರಾಣಿಯ ಮೇಲೆ ಹೊರಿಸಿದ ಅಪರಾಧಕ್ಕೆ ಹೈದರನು ಎಷ್ಟು ಬೆಲೆ ಕೊಟ್ಟಿದ್ದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಬಿದನೂರಿನ ಹಳೆಯ ಅಧಿಕಾರಿಗಳು ಹೈದರನನ್ನು ಕೊಲ್ಲಲು ಒಳಸಂಚು ನಡೆಸಿ ಸಿಕ್ಕಿಬಿದ್ದರು; ಸಂಜೆಯೊಳಗಾಗಿ ಮುನ್ನೂರು ಮಂದಿಯನ್ನು ಊರಿನ ಹಾದಿಗಳಲ್ಲಿ ನೇಣಿಗೆ ಹಾಕಲಾಯಿತೆಂದು ವಿಲ್ಕ್ಸನೇ ಬರೆಯುತ್ತಾನೆ.

ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ನೋಡಿದವರಿಗೆ ಅಲ್ಲಿನ ಸೆರೆಯ ಕಲ್ಪನೆ ಬಂದೀತು. ವರ್ಷವೆಲ್ಲ ಹಸಿರು ನೋಡಿ, ಜಡಿಮಳೆ ಕೇಳಿ ಬೆಳೆದವಳು ನಾಲ್ಕು ವರ್ಷ ಆ ಬೋಳು ಬಂಡೆಯ ಮೇಲಿದ್ದಳು. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಮಧುಗಿರಿಯನ್ನು ಗೆದ್ದು ಸೆರೆಯಾಳುಗಳನ್ನು ಬಿಡಿಸಿತು. ಅವರನ್ನು ಪುಣೆಗೆ ಕರೆದೊಯ್ಯುತ್ತಿರುವಾಗ ವೀರಮ್ಮಾಜಿ ದಾರಿಯಲ್ಲಿಯೇ ತೀರಿಕೊಂಡಳು. ಸೋಮಶೇಖರನು ಮದುವೆಯಾಗದೆಯೇ ಕಾಲವಾದ. ಎರಡೂವರೆ ಶತಮಾನಗಳ ವಂಶ ಹೀಗೆ ಪರಸ್ಥಳದಲ್ಲಿ ಮುಗಿಯಿತು.

ಇಲ್ಲಿ ಬಹುದೂರದ ಇನ್ನೊಬ್ಬ ರಾಣಿಯನ್ನು ನೆನೆಯಬೇಕೆನಿಸುತ್ತದೆ. ಶಾಂತ ಮಹಾಸಾಗರದ ಹವಾಯಿ ದ್ವೀಪಗಳಲ್ಲಿ 1891ರಲ್ಲಿ ಪಟ್ಟಕ್ಕೆ ಬಂದ ಲಿಲಿಯುವೊಕಲಾನಿ ಆ ದೇಶದ ಕೊನೆಯ ಅರಸಿ. ಅಲ್ಲಿ ಅಡಕೆ ಮೆಣಸಿನ ಬದಲು ಕಬ್ಬು. ದಂಡಿನ ಬದಲು ಸಕ್ಕರೆಯ ಧಣಿಗಳು ಮತ್ತು ವರ್ತಕರು. 1893ರ ಜನವರಿ 17ರಂದು, ದಡಕ್ಕೆ ಇಳಿದಿದ್ದ ಅಮೆರಿಕದ ನೌಕಾಪಡೆಯ ಬೆಂಬಲದಿಂದ ಅವರು ಆಕೆಯನ್ನು ಪದಚ್ಯುತಗೊಳಿಸಿದರು. 1895ರಲ್ಲಿ ಆಕೆಯನ್ನು ಆಕೆಯ ಅರಮನೆಯಲ್ಲಿಯೇ ಸೆರೆಯಿಟ್ಟರು. ಆಕೆಗೂ ಆಳಲು ಬರಲಿಲ್ಲ, ಹಟಮಾರಿ, ದುಷ್ಟೆ ಎಂದೆಲ್ಲ ಗೆದ್ದವರು ಬರೆಸಿದರು. ಆದರೆ ಆ ರಾಣಿಗೆ ಲೇಖನಿಯಿತ್ತು, ಅಚ್ಚುಕೂಟವಿತ್ತು. ತನ್ನ ನಾಡಿನ ಕಥೆಯನ್ನು ತಾನೇ ಬರೆದು 1898ರಲ್ಲಿ ಪ್ರಕಟಿಸಿದಳು. ದೇಶವನ್ನು ಅಮೆರಿಕಕ್ಕೆ ಸೇರಿಸಬಾರದೆಂದು ಆಕೆಯ ಪ್ರಜೆಗಳಲ್ಲಿ 21 ಸಾವಿರಕ್ಕೂ ಹೆಚ್ಚು ಮಂದಿ 1897ರಲ್ಲಿ ಸಹಿ ಹಾಕಿದ್ದರು. ರಾಜ್ಯ ಉಳಿಯಲಿಲ್ಲ, 1917ರಲ್ಲಿ ಆಕೆ ಕಾಲವಾದಳು. ಆದರೆ ಆ ಬರಹವೂ ಆ ಸಹಿಗಳೂ ಉಳಿದವು. 1993ರಲ್ಲಿ, ಘಟನೆ ನಡೆದು ನೂರು ವರ್ಷವಾದಾಗ, ಅಮೆರಿಕದ ಕಾಂಗ್ರೆಸ್ಸು ನಿರ್ಣಯ ಮಾಡಿ ಹವಾಯಿಯ ಜನರ ಕ್ಷಮೆ ಕೇಳಿತು.

ನಮ್ಮ ರಾಣಿಗೆ ಆ ಭಾಗ್ಯ ಇರಲಿಲ್ಲ. ಬಿದನೂರಿನ ಬಾಗಿಲು ಬಿದ್ದ ದಿನ ಆಕೆ ಏನನ್ನು ಯೋಚಿಸಿದಳು, ಚೆನ್ನಬಸಪ್ಪನ ಸಾವಿನ ಬಗೆಗೆ ಆಕೆಯ ಮಾತೇನು ಎಂದು ಹೇಳುವ ಆಕೆಯ ಬರಹವೊಂದೂ ನಮ್ಮ ಮುಂದಿಲ್ಲ. ಆಕೆಯ ಪರವಾಗಿ ಸಾಕ್ಷಿ ಹೇಳುವವು ಬೇರೆ ಕೆಲವು ಸಂಗತಿಗಳು. ವಂಶ ಅಳಿದ ಮೇಲೂ ಏನು ಉಳಿಯಿತೆಂಬುದನ್ನು ನೋಡಿ. ಇಕ್ಕೇರಿ ವರಹದ ಮೇಲೆ ಶಿವ ಪಾರ್ವತಿಯರ ಚಿತ್ರವಿತ್ತು. ಹೈದರನು ತನ್ನ ಬಹಾದ್ದೂರಿ ವರಹವನ್ನು ಹೊಡೆಸಿದಾಗ ಒಂದು ಮಗ್ಗುಲಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಇಟ್ಟು, ಇನ್ನೊಂದು ಮಗ್ಗುಲಲ್ಲಿ ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿದ. ಜನರು ನಂಬಿದ್ದ ನಾಣ್ಯವನ್ನು ಗೆದ್ದವನೂ ಬದಲಿಸಲು ಇಚ್ಛಿಸಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಚಿನ್ನದ ವರಹದ ಮೇಲೆಯೂ ಅದೇ ಚಿತ್ರ. ಶಿವಪ್ಪನಾಯಕನ ಶಿಸ್ತು ಬಹುಕಾಲ ಮಲೆನಾಡಿನ ಕಂದಾಯದ ಮಾತಿನಲ್ಲಿ ಅಳತೆಗೋಲಾಗಿ ನಿಂತಿತು.

ಇದಕ್ಕಿಂತ ದೊಡ್ಡ ಸಾಕ್ಷಿ 1830ರದು. ಕಂದಾಯದ ಕಿರುಕುಳ ತಾಳಲಾರದೆ ನಗರ ಸೀಮೆಯ ರೈತರು ಕೂಟ ಸೇರಿ ಎದ್ದರು. ಅವರಿಗೊಬ್ಬ ನಾಯಕ ಬೇಕಾದಾಗ ಸಾದರಮಲ್ಲನೆಂಬವನು ‘ಬೂದಿ ಬಸವಪ್ಪನಾಯಕ’ನೆಂಬ ಹೆಸರು ತಾಳಿ, ತಾನು ಕೆಳದಿಯ ಸಿಂಹಾಸನದ ವಾರಸುದಾರನೆಂದ. ಸಾವಿರಾರು ಮಂದಿ ಅವನನ್ನು ದೊರೆಯೆಂದು ಹಿಂಬಾಲಿಸಿದರು. ಈ ದಂಗೆಯೇ ನೆಪವಾಗಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಒಡೆಯರಿಗೆ ಅದು ಹಿಂದಿರುಗಿದ್ದು 1881ರಲ್ಲಿ. ವೀರಮ್ಮಾಜಿಯ ಕಾಲ ಜನರಿಗೆ ಅಸಹ್ಯವಾಗಿದ್ದರೆ, ಅರುವತ್ತೇಳು ವರ್ಷಗಳ ಮೇಲೆ ಅದೇ ಮನೆತನದ ಹೆಸರು ಹಿಡಿದು ಪ್ರಾಣ ಕೊಡಲು ಅವರ ಮೊಮ್ಮಕ್ಕಳು ನಿಲ್ಲುತ್ತಿದ್ದರೆ? ಕೊನೆಯವಳು ಹೆಸರನ್ನು ಪೂರ್ತಿ ಕೆಡಿಸಿದ್ದರೆ ಆ ಹೆಸರಿಗೆ ಅಷ್ಟು ಬಲ ಉಳಿಯುತ್ತಿರಲಿಲ್ಲ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕೆಳದಿ, ಇಕ್ಕೇರಿಗಳನ್ನು ನೋಡಲು ಹೋಗುವವರು ಇನ್ನೂ ಸ್ವಲ್ಪ ಶ್ರಮ ತೆಗೆದುಕೊಂಡು ನಗರದ ಕೋಟೆಗೂ ಹೋಗಬೇಕು. ಇಕ್ಕೇರಿಯ ಅಘೋರೇಶ್ವರನ ಗುಡಿಯಲ್ಲಿ ಮನೆತನದ ಏರುಕಾಲ ಕಾಣುತ್ತದೆ. ನಗರದ ಕೋಟೆಯೊಳಗೆ ಅರಮನೆಯ ತಳಪಾಯ ಮಾತ್ರ ಕಾಣುತ್ತದೆ. ಅಲ್ಲಿ ನಿಂತಾಗ ಮಕ್ಕಳು ‘ಇದನ್ನು ಯಾರು ಸುಟ್ಟರು?’ ಎಂದು ಕೇಳಿಯಾರು. ಆಗ ರಾಣಿಯ ಹೆಸರೊಂದನ್ನೇ ಹೇಳಿ ಮುಗಿಸಬೇಡಿ. ಪಾಣಿಪತ್ತಿನ ಸೋಲನ್ನು ಹೇಳಿ, ಮಕ್ಕಳಿಲ್ಲದ ಅರಸನನ್ನು ಹೇಳಿ, ಕುಂಸಿಯ ಸೆರೆಯಲ್ಲಿದ್ದ ಮಂತ್ರಿಯನ್ನು ಹೇಳಿ, ಅರಸನೆಂದು ಬಂದು ಸೆರೆಮನೆಗೆ ಹೋದ ಯುವಕನನ್ನೂ ಹೇಳಿ. ಅಷ್ಟನ್ನೂ ಹೇಳಿದ ಮೇಲೆ ವೀರಮ್ಮಾಜಿಯ ಹೆಸರನ್ನು ಹೇಳಿದರೆ, ಆ ಹೆಸರಿಗೆ ಸಲ್ಲಬೇಕಾದ ನ್ಯಾಯ ಸಂದೀತು.